ಕಣ್ಣೀರಿನ ಕನ್ನಡಿ

1619ರಲ್ಲಿ ಕ್ರಿಸ್ಟೋಫ್ ಶೈನರನೆಂಬ ಜೆಸುಯಿಟ್ ಪಾದ್ರಿಯು, ಕಿಟಕಿಯ ಬಿಂಬವು ಮನುಷ್ಯನ ಕಣ್ಣಿನಲ್ಲಿ ಮೂಡುವ ಪರಿಯನ್ನು ಬೇರೆ ಬೇರೆ ಗಾತ್ರದ ಗಾಜಿನ ಗೋಲಿಗಳಲ್ಲಿ ಮೂಡುವ ಬಿಂಬದೊಡನೆ ಹೋಲಿಸಿ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ವಕ್ರತೆಯನ್ನು ಅಳೆಯಲೆತ್ನಿಸಿದನು. 1880ರ ಸುಮಾರಿಗೆ ಪೋರ್ಚುಗಲ್ಲಿನ ನೇತ್ರವೈದ್ಯ ಅಂತೋನಿಯೋ ಪ್ಲಾಸಿದೋ, ಕಪ್ಪು ಬಿಳುಪಿನ ವರ್ತುಲಗಳನ್ನು ಬರೆದ ಬಿಲ್ಲೆಯನ್ನು ರೋಗಿಯೆದುರು ಹಿಡಿದು, ನಡುವಣ ರಂಧ್ರದಿಂದ ಆ ವರ್ತುಲಗಳ ಬಿಂಬವನ್ನು ಪರೀಕ್ಷಿಸಿದನು. ಬಿಂಬ ಸೊಟ್ಟಾದರೆ ಪಟಲವೂ ಸೊಟ್ಟು, ಇಷ್ಟೇ ಅವನ ತರ್ಕ. ಇವರೀರ್ವರ ಲಕ್ಷ್ಯವೂ ಪಟಲದ ಆಕಾರದ ಮೇಲಿದ್ದಿತು. ಆದರೆ ಬೆಳಕನ್ನು ಹಿಂದಿರುಗಿಸುತ್ತಿದ್ದ ಕನ್ನಡಿಯು ವಾಸ್ತವವಾಗಿ ಪಟಲವಲ್ಲ, ಅದರ ಮೇಲೆ ಹರಡಿ, ಎವೆಯಿಕ್ಕಿದಾಗಲೆಲ್ಲ ಹೊಸತಾಗುವ ಕಣ್ಣೀರಿನ ತೆಳುಪೊರೆ.

ಆ ಪೊರೆಯನ್ನೇ ಅರಿಯಬೇಕೆಂಬ ಕುತೂಹಲ ಹುಟ್ಟಿದಾಗ ವೈದ್ಯರು ಹಿಡಿದದ್ದು ಕನ್ನಡಿಯ ದಾರಿಯನ್ನಲ್ಲ. 1903ರಲ್ಲಿ ಜರ್ಮನಿಯ ಆಟೋ ಶಿರ್ಮರನು ಸೋಸುಕಾಗದದ ಸಣ್ಣ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ, 5 ನಿಮಿಷದಲ್ಲಿ ಅದೆಷ್ಟು ಮಿಲಿಮೀಟರ್ ತೊಯ್ಯುವುದೆಂದು ನೋಡುವ ಪರೀಕ್ಷೆಯನ್ನು ಪ್ರಕಟಿಸಿದನು. ಫ್ಲೋರೆಸೀನ್ ಎಂಬ ಬಣ್ಣವನ್ನು ಕಣ್ಣಿಗೆ ಬಿಟ್ಟು, ನೀಲಿ ಬೆಳಕಿನಲ್ಲಿ ಹೊಳೆಯುವ ಪೊರೆಯಲ್ಲಿ ಮೊದಲ ಕಪ್ಪುಚುಕ್ಕೆ ಕಾಣುವವರೆಗೆ ಸೆಕೆಂಡುಗಳನ್ನೆಣಿಸುವ ಕ್ರಮವು 1969ರಲ್ಲಿ ಡೆನ್ಮಾರ್ಕಿನ ನಾರ್ನನಿಂದಲೂ, 1973ರಲ್ಲಿ ಲೆಂಪ್ ಮತ್ತು ಹ್ಯಾಮಿಲ್ಲರಿಂದಲೂ ಬಳಕೆಗೆ ಬಂದಿತು. ಹತ್ತು ಸೆಕೆಂಡಿಗೆ ಮೊದಲೇ ಪೊರೆ ಹರಿದರೆ ಅದು ಅಸ್ವಸ್ಥವೆಂದು ತೀರ್ಮಾನ. ಸರಳವಾದ ಪರೀಕ್ಷೆಗಳೇ, ಸಂದೇಹವಿಲ್ಲ. ಆದರೆ ಕಾಗದ ಚುಚ್ಚಿದ ಕಣ್ಣು ತನ್ನಿಂದ ತಾನೇ ನೀರಾಡುವುದು. ಅಳಿಸಿ, ಅಳುವನ್ನು ಅಳೆಯುವ ವಿಪರೀತ! ಬಣ್ಣದ ಹನಿಯೂ ನಿರಪರಾಧಿಯಲ್ಲವೆಂಬುದು 1985ರಲ್ಲಿ ಸ್ಪಷ್ಟವಾಯಿತು. ಮೆಂಘರ್, ಬ್ರಾನ್ ಮೊದಲಾದವರು ಏನನ್ನೂ ಕಣ್ಣಿಗೆ ಹಾಕದೆ, ಗೆರೆಗಳ ಜಾಲವೊಂದನ್ನು ಬೆಳಕಿನಿಂದ ಅದರ ಮೇಲೆ ಬೀಳಿಸಿ, ಜಾಲದ ಬಿಂಬ ಕದಡುವ ಕ್ಷಣವನ್ನು ಗುರುತಿಸುವ ಉಪಕರಣವನ್ನು ರಚಿಸಿದರು. ಫ್ಲೋರೆಸೀನ್ ಹಾಕಿದೊಡನೆ ಅದೇ ಪೊರೆ ಬೇಗನೆ ಒಡೆಯುವುದನ್ನೂ ತೋರಿಸಿಕೊಟ್ಟರು. ಹೀಗೆ ಪ್ಲಾಸಿದೋನ ಉಪಾಯವೇ ನೂರು ವರ್ಷಗಳ ತರುವಾಯ ಬೇರೊಂದು ಪ್ರಶ್ನೆಗೆ ಉತ್ತರವಾಯಿತು.

ಪೊರೆಯ ಮೇಲ್ಭಾಗದಲ್ಲಿ ಎಣ್ಣೆ, ನಡುವೆ ನೀರು, ತಳದಲ್ಲಿ ಲೋಳೆಯೆಂಬ ಮೂರು ಸ್ತರಗಳ ಕಲ್ಪನೆಯನ್ನು 1946ರಲ್ಲಿಯೇ ಯೂಜೀನ್ ವುಲ್ಫ್ ಮುಂದಿಟ್ಟಿದ್ದನು. ಈ ಎಣ್ಣೆಯ ಸ್ತರವನ್ನು ಮುಟ್ಟದೆ ನೋಡಲು ಗಿಯೋನನೆಂಬ ಸಂಶೋಧಕನು ಟಿಯರ್‌ಸ್ಕೋಪ್ ಎಂಬ ಉಪಕರಣವನ್ನು ರೂಪಿಸಿದನು: ವಿಶಾಲವಾದ ಶೀತಲ ಬೆಳಕಿನಲ್ಲಿ, ರಸ್ತೆಯ ಮಳೆನೀರಿನ ಮೇಲೆ ಹರಡಿದ ಎಣ್ಣೆಯಲ್ಲಿರುವಂತೆ, ತೆಳುವಾದೆಡೆ ಬೂದುಬಣ್ಣದ ಬಲೆಯೂ ದಪ್ಪವಾದೆಡೆ ಕಂದು ನೀಲಿಗಳ ವರ್ಣಪಟ್ಟಿಯೂ ಕಾಣುವುವು. ಬಣ್ಣವೇ ಅಳತೆಗೋಲಾದ ಈ ವಿಧಾನದ ಚೆಲುವು ನನಗೆ ಮಿಕ್ಕೆಲ್ಲಕ್ಕಿಂತ ಹೆಚ್ಚೆನಿಸುತ್ತದೆ.

ಆದರೆ ಇಡೀ ಪೊರೆಯ ದಪ್ಪವೆಷ್ಟು? ಇದರ ವಿಷಯದಲ್ಲಿ ವಿದ್ವಾಂಸರಲ್ಲಿ ಹುಟ್ಟಿದ ವಿವಾದ ಅಲ್ಪವಾದುದಲ್ಲ. 1992ರಲ್ಲಿ ಪ್ರಿಡಾಲ್ ಮತ್ತು ಸಂಗಡಿಗರು ಲೇಸರ್ ಬೆಳಕಿನ ವ್ಯತಿಕರಣದಿಂದ ಅಳೆದು, ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಸುಮಾರು ನಲವತ್ತು ಪಾಲಿನಷ್ಟೆಂದರು. ಅಲ್ಲಿಯವರೆಗಿನ ಅಂದಾಜುಗಳಿಗಿಂತ ಇದು ಬಹಳ ಹೆಚ್ಚಾಗಿತ್ತು. 2000ದಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಕಿಂಗ್-ಸ್ಮಿತ್ ಮತ್ತು ಸಹೋದ್ಯೋಗಿಗಳು, ಪೊರೆಯ ಮುಂಬದಿಯಿಂದಲೂ ಹಿಂಬದಿಯಿಂದಲೂ ಮರಳುವ ಬೆಳಕುಗಳು ಒಂದರೊಡನೊಂದು ಸೇರಿ ವರ್ಣಪಂಕ್ತಿಯಲ್ಲಿ ಎಬ್ಬಿಸುವ ಏರಿಳಿತಗಳನ್ನು ಲೆಕ್ಕಹಾಕಿ, ಅದು ಸುಮಾರು ಮೂರು ಪಾಲು ಮಾತ್ರವೆಂದು ನಿರೂಪಿಸಿದರು. ಮುಂದೆ ಬೆಳಕಿನಿಂದಲೇ ಅಡ್ಡಕೊಯ್ತದ ಚಿತ್ರ ತೆಗೆಯುವ ಓಸಿಟಿ ಯಂತ್ರವೂ ಇದೇ ಪಕ್ಷಕ್ಕೆ ಸಾಕ್ಷಿ ನುಡಿಯಿತು.

2017ರಲ್ಲಿ ಪ್ರಕಟವಾದ, ಒಣಕಣ್ಣನ್ನು ಕುರಿತ ಅಂತರರಾಷ್ಟ್ರೀಯ ತಜ್ಞರ ವರದಿಯು, ಪೊರೆ ಒಡೆಯುವ ಕಾಲವನ್ನು ಸಾಧ್ಯವಾದೆಡೆ ಬಣ್ಣವಿಲ್ಲದೆಯೇ ಅಳೆಯುವುದು ಲೇಸೆಂದು ಹೇಳಿತು. ಆದರೂ ಶಿರ್ಮರನ ಕಾಗದದ ಪಟ್ಟಿ ಕಣ್ಣಿನ ಆಸ್ಪತ್ರೆಗಳಿಂದ ಮಾಯವಾಗಿಲ್ಲ. ಅದಕ್ಕೆ ವಿದ್ಯುತ್ತು ಬೇಡ, ಬೆಲೆಯೂ ಅತ್ಯಲ್ಪ.