ರೂಟರ್ ಮರೆತ ಕಳ್ಳರು

ಪೊಲೀಸ್ ಠಾಣೆಯಲ್ಲಿ ಹಳೇ ಕಳ್ಳರ ಫೋಟೋ ಅಂಟಿಸಿರ್ತಾರಲ್ಲ, ರೂಟರಿನ ಸಿಗ್ನೇಚರ್ ಫೈಲೂ ಹಾಗೇ. ಹಾದುಹೋಗುವ ಪ್ಯಾಕೆಟ್ಟುಗಳನ್ನು ಈ ಪಟ್ಟಿಯ ಜೊತೆ ತಾಳೆ ನೋಡೋದು, ಹೋಲಿಕೆ ಸಿಕ್ಕರೆ ಬಾಗಿಲಲ್ಲೇ ತಡೆಯೋದು. ಇದನ್ನೇ ಐಪಿಎಸ್ ಅಂತಾರೆ.

ಮೊದಮೊದಲು ತಡೆಯೋ ಕೆಲಸ ಇರಲಿಲ್ಲ. 1998ರಲ್ಲಿ ಬಂದ ಸ್ನಾರ್ಟ್ ಕಳ್ಳನನ್ನು ಗುರುತಿಸಿ ಕೂಗುತ್ತಿತ್ತು, ಅಷ್ಟೇ. ಕೂಗಿದರೆ ಸಾಲದು ಅಂತ ತೋರಿಸಿಕೊಟ್ಟದ್ದು 2003ರ ಜನವರಿ 25, ಶನಿವಾರ. ನಮ್ಮಲ್ಲಿ ಬೆಳಗ್ಗೆ ಸುಮಾರು 11 ಗಂಟೆ. ಸ್ಲ್ಯಾಮರ್ ಅನ್ನೋ 376 ಬೈಟಿನ ಹುಳ ಹತ್ತೇ ನಿಮಿಷದಲ್ಲಿ, ತನಗೆ ತುತ್ತಾಗಬಹುದಾದ ಯಂತ್ರಗಳಲ್ಲಿ ಶೇ. 90ರಷ್ಟನ್ನು ಹಿಡಿದಿತ್ತು. ಎಸ್‌ಕ್ಯೂಎಲ್ ಸರ್ವರಿನ ಆ ತೂತಿಗೆ ತೇಪೆ ಬಂದು ಆಗಲೇ ಆರು ತಿಂಗಳು! ಹಾಕಿಕೊಂಡವರು ಕಡಿಮೆ. ಕೂಗು ಕೇಳಿ ಮನುಷ್ಯ ಎದ್ದು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು.

2004ರಲ್ಲಿ ಸಿಸ್ಕೋ ತನ್ನ ರೂಟರ್ ತಂತ್ರಾಂಶದೊಳಗೇ ಐಪಿಎಸ್ ಇಟ್ಟಿತು. ಫೈಲುಗಳ ಹೆಸರು ನೋಡಿ: 128ಎಂಬಿ.ಎಸ್‌ಡಿಎಫ್, 256ಎಂಬಿ.ಎಸ್‌ಡಿಎಫ್. ರೂಟರಿನ ಮೆಮೊರಿ ಎಷ್ಟೋ ಅಷ್ಟೇ ಕಳ್ಳರ ನೆನಪು! ಮುಂದೆ ಬಂದ 5.x ಮಾದರಿಯಲ್ಲಿ ಕ್ರಮವೇ ಬೇರೆ. ಮೊದಲು ಎಲ್ಲಾ ಸಿಗ್ನೇಚರುಗಳನ್ನೂ 'ರಿಟೈರ್' ಮಾಡಬೇಕು, ಆಮೇಲೆ 'ಬೇಸಿಕ್' ಗುಂಪನ್ನು ಮಾತ್ರ ಕೆಲಸಕ್ಕೆ ಕರೆಯಬೇಕು.

ನಾನೋ, ಅತಿ ಬುದ್ಧಿವಂತ. ಒಂದು ರಾತ್ರಿ ನಮ್ಮ ಶಾಖೆಯೊಂದರ ರೂಟರಿನಲ್ಲಿ ಎಲ್ಲವನ್ನೂ ಕರೆದುಬಿಟ್ಟೆ. ಕಳ್ಳರೆಲ್ಲಾ ನೆನಪಿರಲಿ ಅಂತ. ಮೆಮೊರಿ ತುಂಬಿತು, ರೂಟರ್ ಮಾತು ನಿಲ್ಲಿಸಿತು. ಫೋನ್ ಮಾಡಿದರೆ ಎತ್ತಿದ್ದು ಅಲ್ಲಿನ ವಾಚ್‌ಮನ್. "ಸಾರ್, ಆ ಡಬ್ಬಿ ಆಫ್ ಮಾಡಿ ಆನ್ ಮಾಡ್ಲಾ?" ನಿಜವಾದ ಕಾವಲುಗಾರ ಅವನೇ ಬಿಡಿ :-)

ಮತ್ತೆ ಮೊದಲಿಂದ ಶುರು ಮಾಡಿದಾಗ ತಲೆನೋವು ಬೇರೆಯೇ ಆಯ್ತು. ಯಾರನ್ನು ಮರೆಯೋದು? ಸ್ಲ್ಯಾಮರ್ ಹಳಬ, ತೆಗೆಯೋಣ ಅಂದುಕೊಂಡೆ. ಆದರೆ ಅದೇ ಶಾಖೆಯಲ್ಲಿ ಹಾಜರಿ ಹಾಕೋ ಹಳೇ ಕಂಪ್ಯೂಟರೊಂದಿತ್ತು. ಆ ತಂತ್ರಾಂಶದ ಹೊಟ್ಟೆಯೊಳಗೆ ತೇಪೆ ಕಾಣದ ಎಸ್‌ಕ್ಯೂಎಲ್ ಸರ್ವರ್ 2000. ಮಾರಿದವನ ಪತ್ತೆಯಿಲ್ಲ, ಮುಟ್ಟೋಕೆ ಯಾರಿಗೂ ಧೈರ್ಯವಿಲ್ಲ.

1434ನೇ ಪೋರ್ಟಿನ ಆ ಸಿಗ್ನೇಚರನ್ನು ಉಳಿಸಿಕೊಂಡೆ. ಕಳ್ಳ ಹಳಬನಾದನೋ ಇಲ್ಲವೋ ಅಂತ ಹೇಳಬೇಕಾದ್ದು ಅವನ ವಯಸ್ಸಲ್ಲ, ನಮ್ಮ ಮನೆಯ ಮುರುಕು ಬಾಗಿಲು. ನಿಮ್ಮ ಆಫೀಸಿನ ಮೂಲೆಯಲ್ಲೂ ಅಂಥದ್ದೊಂದು ಕಂಪ್ಯೂಟರ್ ಇದೆಯಾ? ಒಮ್ಮೆ ನೋಡಿ ಬನ್ನಿ.