ಅಚ್ಚಿನ ಭಾಷೆಯಲ್ಲಿ ಆದೇಶವೂ ತುಲನೆಯೂ

ಅಕ್ಷರಜೋಡಣೆಯ ಕ್ರಮವನ್ನು ಸೂತ್ರರೂಪದಿಂದ ಯಂತ್ರಕ್ಕೆ ತಿಳಿಸುವ ಭಾಷೆಗಳಲ್ಲಿ ‘ಟೆಕ್’ ಎಂಬುದು ಪ್ರಸಿದ್ಧವಾದುದು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತರು ಇದನ್ನು 1978ರಲ್ಲಿ ರಚಿಸಿ, 1982ರಲ್ಲಿ ಹೊಸದಾಗಿ ಬರೆದರು. ಇದರಲ್ಲಿ ಒಂದು ಹೆಸರು ಬೇರೊಂದು ಪಾಠಕ್ಕೆ ಪ್ರತಿಯಾಗಿ ನಿಲ್ಲುವುದುಂಟು. ಯಂತ್ರವು ಹೆಸರನ್ನು ಕಂಡೊಡನೆ ಅದನ್ನು ತೆಗೆದು ಪಾಠವನ್ನಿಡುವುದು. ಇದೇ ಮ್ಯಾಕ್ರೋ ವಿಸ್ತರಣೆ.

ವ್ಯಾಕರಣವನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಉತ್ತರಪದದ ಆದಿಯ ಕ ತ ಪಗಳಿಗೆ ಗ ದ ಬಗಳ ಆದೇಶವನ್ನು ವಿಧಿಸಿರುವನು. ಸಂಧಿಯಾಗದೆ ಮೂಲರೂಪವೇ ನಿಲ್ಲುವ ಪ್ರಕೃತಿಭಾವವನ್ನೂ ಹೇಳಿರುವನು. ಟೆಕ್‌ನಲ್ಲಿಯೂ ಹೆಸರನ್ನು ಬಿಡಿಸದೆ ಉಳಿಸುವ ಆಜ್ಞೆಯೊಂದಿದೆ.

ಇಲ್ಲಿ ತುಲನೆಯು ಎರಡು ಬಗೆ. ‘ಇಫ್’ ಎಂಬುದು ಹೆಸರುಗಳನ್ನು ಬಿಡಿಸುತ್ತ ಹೋಗಿ, ಇನ್ನು ಬಿಡಿಸಲಾಗದ ಎರಡು ಘಟಕಗಳು ದೊರೆತ ಮೇಲೆ ಅವನ್ನು ಹೋಲಿಸುವುದು. ‘ಇಫ್‌ಎಕ್ಸ್’ ಎಂಬುದು ಏನನ್ನೂ ಬಿಡಿಸದೆ ಹೆಸರುಗಳ ನೇರವಾದ ನಿರೂಪಣೆಗಳನ್ನೇ ಹೋಲಿಸುವುದು. ‘ರವಿ’ ಎಂಬ ಹೆಸರಿಗೆ ಕಕಾರವನ್ನೂ, ‘ಭಾನು’ ಎಂಬುದಕ್ಕೆ ‘ರವಿ’ ಎಂಬ ಹೆಸರನ್ನೂ ವಿಧಿಸಿದೆವೆನ್ನೋಣ. ಅಚ್ಚಿನಲ್ಲಿ ಎರಡೂ ಕಕಾರವೇ. ಮೊದಲನೆಯ ತುಲನೆಗೆ ಅವು ಸಮ, ಎರಡನೆಯದಕ್ಕೆ ಭಿನ್ನ.

ಈ ಭೇದವು ಕನ್ನಡ ಗ್ರಂಥಸಂಪಾದನೆಗೆ ನೇರವಾಗಿ ಸಂಬಂಧಪಟ್ಟುದು. 1817ರಲ್ಲಿ ಶ್ರೀರಾಮಪುರದಲ್ಲಿ ಕೇರಿಯವರ ಕರ್ಣಾಟಕ ವ್ಯಾಕರಣವೂ, 1872ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ಶಬ್ದಮಣಿದರ್ಪಣವೂ ಮುದ್ರಿತವಾದಾಗ, ಅಚ್ಚಿನ ಹಾಳೆಗಳನ್ನು ಹೋಲಿಸುತ್ತಿದ್ದುದು ಕಣ್ಣು. ಈಗ ಪಾಠಾಂತರಗಳನ್ನು ಯಂತ್ರವೇ ಹೋಲಿಸಬಲ್ಲುದು. ಆದರೆ ಅದು ನೋಡುವುದು ಆಕಾರವನ್ನಲ್ಲ, ಸಂಖ್ಯೆಯನ್ನು. 1991ರಲ್ಲಿ ಹೊರಟ ಯೂನಿಕೋಡ್ ಸಂಕೇತದಲ್ಲಿ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಖ್ಯೆಯಿಂದ ಬರೆಯಬಹುದು. ಎತ್ವ, ಊಕಾರಚಿಹ್ನೆ ಎಂಬ ಎರಡು ಸಂಖ್ಯೆಗಳಿಂದಲೂ ಬರೆಯಬಹುದು. ಇವೆರಡೂ ಸಮಾನವೆಂದು ಆ ಸಂಕೇತದ ನಿಯಮವೇ ಹೇಳುವುದು. ಆದರೂ ಬಿಡಿಸದೆ ಹೋಲಿಸಿದರೆ ಇಲ್ಲದ ಪಾಠಾಂತರವು ಹುಟ್ಟುವುದು. ಪದಸೂಚಿಯಲ್ಲಿ ಇರುವ ಪ್ರಯೋಗವು ತಪ್ಪಿಹೋಗುವುದು. ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಕಡತಗಳಲ್ಲಂತೂ ಅಕ್ಷರದ ಅವಯವಗಳೇ ಸಂಖ್ಯೆಗಳಾಗಿರುವುದರಿಂದ ಪರಿವರ್ತನೆಯಿಲ್ಲದೆ ತುಲನೆಯೇ ಅಸಾಧ್ಯ.

ಆದುದರಿಂದ ಎರಡು ಪ್ರತಿಗಳನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸುವುದು ಯುಕ್ತ. ಆದರೆ ಈ ಆದೇಶಕ್ಕೂ ಎಲ್ಲೆಯಿರಬೇಕು. ಸೌಕರ್ಯಕ್ಕಾಗಿ ಱಕಾರವನ್ನು ರಕಾರದೊಡನೆಯೂ ೞಕಾರವನ್ನು ಳಕಾರದೊಡನೆಯೂ ಸೇರಿಸಿದರೆ, ತಿಳಿಯೆಂಬರ್ಥದ ‘ಅಱಿ’ಗೂ ಶತ್ರುವೆಂಬರ್ಥದ ‘ಅರಿ’ಗೂ ಭೇದವುಳಿಯದು, ಪ್ರತಿಯ ಕಾಲವನ್ನು ನಿರ್ಣಯಿಸುವ ಸಾಕ್ಷ್ಯವೂ ಅಳಿಯುವುದು. ಬರೆವಣಿಗೆಯ ಉಪಾಧಿಯಿಂದ ಬಂದ ಭೇದಕ್ಕೆ ಆದೇಶ, ಭಾಷೆಯಿಂದ ಬಂದ ಭೇದಕ್ಕೆ ಪ್ರಕೃತಿಭಾವ: ಈ ವಿವೇಕವನ್ನು ಯಂತ್ರಕ್ಕೆ ವಿಧಿಸಬೇಕಾದವನು ಸಂಪಾದಕನೇ.