ಹಟ್ಟಿಯ ನೆಲ, ಹಟ್ಟಿಯ ಹಕ್ಕು

ಹಿರಿಯೂರು ಸೀಮೆಯ ಕಾಡುಗೊಲ್ಲರ ಹಟ್ಟಿಗೆ ಸುತ್ತ ಮುಳ್ಳುಬೇಲಿ, ಒಳಗೆ ದೇವರ ಗುಡಿ, ಮಗ್ಗುಲಲ್ಲೇ ಕುರಿರೊಪ್ಪ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವಂತಿರಲಿಲ್ಲ. ತಲೆಮಾರುಗಳಿಂದ ಬಾಳಿದರೂ ಇಂಥ ಎಷ್ಟೋ ಹಟ್ಟಿಗಳು ಕಂದಾಯ ದಾಖಲೆಯಲ್ಲಿ ಊರೆನಿಸಿರಲಿಲ್ಲ. ಮನೆ ನಿಂತ ಜಾಗದ ಪಹಣಿ ಬೇರೆಯವರ ಹೆಸರಿನಲ್ಲಿರುತ್ತಿತ್ತು.

1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2017ರಲ್ಲಿ ಸೇರಿದ 38-ಎ ಕಲಂ ಈ ಅನ್ಯಾಯವನ್ನು ಗುರುತಿಸಿತು. ಗೊಲ್ಲರಹಟ್ಟಿ, ಲಂಬಾಣಿ ತಾಂಡ, ಹಾಡಿ, ದೊಡ್ಡಿಗಳಲ್ಲಿ ಖಾಸಗಿ ಜಮೀನಿನ ಮೇಲೆ ನೆಲೆಸಿದ್ದ ಕೃಷಿ ಕಾರ್ಮಿಕರಿಗೆ ಮನೆಯಡಿಯ ನೆಲದ ಒಡೆತನಕ್ಕೆ ದಾರಿಯಾಯಿತು.

ನೆಲದ ಹಕ್ಕಿಗೆ ಮನ್ನಣೆ ಸಿಕ್ಕ ಇನ್ನೊಂದು ನಾಡನ್ನು ಇದಕ್ಕೆ ಹೋಲಿಸಬಹುದು. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಮಾಯಾ ಜನರ ಸಾಂಪ್ರದಾಯಿಕ ಭೂಹಕ್ಕನ್ನು ಕೆರಿಬಿಯನ್ ನ್ಯಾಯಾಲಯ 2015ರ ಏಪ್ರಿಲ್ 22ರಂದು ದೃಢಪಡಿಸಿತ್ತು. ಅಲ್ಲಿ ಹಳ್ಳಿಯ ಸಾಮೂಹಿಕ ಒಡೆತನಕ್ಕೂ ಮನ್ನಣೆಯಿದೆ. ಇಲ್ಲಿ ಹಕ್ಕುಪತ್ರ ಒಂದೊಂದು ಮನೆಗೆ. ಕುರಿ ಮೇಯುವ ಹುಲ್ಲುಗಾವಲಿಗೆ 38-ಎ ಅನ್ವಯಿಸುವುದಿಲ್ಲ. ಆ ಹುಲ್ಲುಗಾವಲಿನ ಮೇಲಿನ ಹಕ್ಕಿಗೂ ಕಾನೂನಿನ ಮನ್ನಣೆ ಸಿಗಲೇಬೇಕು.